ತಿರುಪತಿಗೆ ಹೋಗದ ಕಾಲು

ನನ್ನ ಮೊಣಕಾಲಿನ ಕೆಳಗಿನ ಭಾಗ ಬಿಸಿಲು ಕಂಡು ಬಹಳ ವರ್ಷಗಳಾಗಿದ್ದವು. ನಾನು ಶಿವಾಜಿನಗರದ ಟೈಲರ್ ಅಂಗಡಿಯೊಂದರಲ್ಲಿ ಕಟಿಂಗ್ ಮಾಸ್ಟರ್. ಹೊಲಿಯುವವರಿಗೆ ಕುರ್ಚಿಯಿದೆ, ಕತ್ತರಿಸುವವನಿಗೆ ಇಲ್ಲ. ನಿಂತು ನಿಂತು ಎಡಗಾಲಿನ ಮೀನಖಂಡದ ತುಂಬ ನೀಲಿ ನರಗಳು ಉಬ್ಬಿ ಗಂಟುಗಂಟಾಗಿದ್ದವು. ಒಮ್ಮೆ ಲುಂಗಿ ಎತ್ತಿಕಟ್ಟಿ ನೀರು ಹಿಡಿಯುತ್ತಿದ್ದಾಗ ಎದುರುಮನೆಯ ಪುಟ್ಟ ಹುಡುಗಿ "ಅಂಕಲ್ ಕಾಲಲ್ಲಿ ಹುಳ ಇದೆ" ಎಂದು ಕೂಗಿಕೊಂಡು ಓಡಿದಳು. ಅಂದಿನಿಂದ ನಾನು ಲುಂಗಿಯನ್ನೇ ಬಿಟ್ಟೆ. ಊರಿನವರ ಕಾಲನ್ನೆಲ್ಲ ಟೇಪು ಹಿಡಿದು ಅಳೆಯುವವನು ನನ್ನ ಪ್ಯಾಂಟಿಗೆ ಮಾತ್ರ ಅರ್ಧ ಇಂಚು ಹೆಚ್ಚು ಅಗಲ ಬಿಟ್ಟುಕೊಳ್ಳುತ್ತಿದ್ದೆ, ಗಂಟುಗಳು ಬಟ್ಟೆಯ ಮೇಲೆ ಮೂಡಬಾರದೆಂದು.

ಹಲಸೂರಿನ ದೇವಸ್ಥಾನದಲ್ಲಿ ಕಂಬದ ಮೇಲಿನ ದೇವರುಗಳನ್ನು ಎಷ್ಟೋ ಸಲ ನೋಡುತ್ತ ನಿಂತಿದ್ದೇನೆ. ಅವರೂ ಶತಮಾನಗಳಿಂದ ನಿಂತೇ ಇರುವವರು, ಒಬ್ಬರ ಕಾಲಲ್ಲೂ ಒಂದು ನರ ಉಬ್ಬಿಲ್ಲ. ಹಾಡು ಕಟ್ಟಿದವರೂ ಪಾದವನ್ನು ಕಮಲವೆಂದು ಹೊಗಳಿ ಸುಮ್ಮನಾದರೇ ಹೊರತು, ಅಲ್ಲಿಂದ ಒಂದು ಗೇಣು ಮೇಲೆ ಏನಿದೆಯೆಂದು ವಿಚಾರಿಸಲಿಲ್ಲ. ವಿಚಾರಿಸಿದ್ದು ಡಾಕ್ಟರು. ಕಾಲಿನ ರಕ್ತ ಮೇಲಕ್ಕೇ ಹೋಗಬೇಕು, ಕೆಳಗೆ ಜಾರದಂತೆ ಒಳಗೆ ಪುಟ್ಟ ಬಾಗಿಲುಗಳಿರುತ್ತವೆ, ನಿಮ್ಮ ಬಾಗಿಲುಗಳು ಸಡಿಲವಾಗಿವೆ ಎಂದರು. ನಮ್ಮ ಅಂಗಡಿಯ ಮುಂದಿನ ಒನ್‌ವೇಯಲ್ಲಿ ರಾಜಾರೋಷವಾಗಿ ಎದುರು ಬರುವ ಆಟೋಗಳು ನೆನಪಾಗಿ ನನಗೆ ತಕ್ಷಣ ಅರ್ಥವಾಯಿತು. ಕೊಯ್ಯುವುದು ಬೇಡ, ಲೇಸರಿನಲ್ಲಿ ಆ ನರವನ್ನು ಒಳಗಿಂದಲೇ ಮುಚ್ಚಿದರೆ ಸಾಕು, ಅದೇ ದಿನ ನಡೆದುಕೊಂಡು ಮನೆಗೆ ಹೋಗಬಹುದು ಎಂದರು.

ಅಂಗಡಿಯಲ್ಲಿ ರಜೆಗೆ ಏನು ಹೇಳುವುದು? ಕಾಲು ಕೆಟ್ಟ ಕಟಿಂಗ್ ಮಾಸ್ಟರ್ ಎಂದು ತಿಳಿದರೆ ನನ್ನ ಮೇಜಿನ ಮುಂದೆ ಬೇರೊಬ್ಬ ನಿಂತಾನೆಂಬ ಭಯ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. "ತಿರುಪತಿಗೆ ಹೋಗ್ತಿದೀನಿ" ಎಂದುಬಿಟ್ಟೆ. ಬೆಂಗಳೂರಿನಲ್ಲಿ ಯಾರೂ ಪ್ರಶ್ನೆ ಮಾಡದ ರಜೆ ಅದೊಂದೇ. ಮಾಲೀಕ ರಹಮತ್ ಸಾಬರು ಸಂತೋಷದಿಂದ, "ಹೋಗಿ ಬನ್ನಿ ಮಾಸ್ಟರ್, ನಮ್ಗೂ ಲಾಡು ತನ್ನಿ" ಎಂದರು.

ಅಷ್ಟಕ್ಕೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆ. ಸುದ್ದಿ ಹೊಸ ತಿಪ್ಪಸಂದ್ರದ ನಮ್ಮ ಬೀದಿಗೂ ಬಂತು. ಹೊರಡುವ ಹಿಂದಿನ ಸಂಜೆ ಪಕ್ಕದ ಮನೆಯ ಗೌರಮ್ಮನವರು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿದ ಮುಡಿಪು ತಂದರು. ನನಗಿಂತ ಹಿರಿಯರು, ಕ್ಯಾಂಟೀನಿನ ಒಲೆ ಮುಂದೆ ಆಯಸ್ಸು ಸವೆಸಿದ ವಿಧವೆ. ಎರಡೂ ಕೈಯಲ್ಲಿ ಹಿಡಿದು, "ನನ್ ಹೆಸರು ಹೇಳಿ ಹುಂಡೀಗೆ ಹಾಕಿ ಮಾಸ್ಟ್ರೇ" ಎಂದರು. ಹರಕೆ ಏನೆಂದು ಕೇಳುವ ಪದ್ಧತಿ ಇಲ್ಲ, ಕೇಳುವ ಮುಖವೂ ನನಗಿರಲಿಲ್ಲ. ತೆಗೆದುಕೊಂಡೆ.

ಆಸ್ಪತ್ರೆಯಲ್ಲಿ ಆ ಗಂಟು ನನ್ನ ಹೆಂಡತಿ ಸರೋಜಳ ಮುಷ್ಟಿಯಲ್ಲಿತ್ತು. ನನ್ನನ್ನು ನಿಲ್ಲಿಸಿ, ಡಾಕ್ಟರು ನರದ ಗುಂಟ ಪೆನ್ನಿನಲ್ಲಿ ಗೆರೆ ಎಳೆದರು, ಥೇಟ್ ನಾನು ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುವ ಹಾಗೆ. ಗೆರೆ ಸ್ವಲ್ಪ ಸೊಟ್ಟಗಿತ್ತು. ತಿದ್ದೋಣವೆಂದು ಬಾಯಿಯವರೆಗೆ ಬಂತು, ಸೊಟ್ಟಗಿರುವುದು ನನ್ನ ನರವೇ ಎಂದು ಹೊಳೆದು ಸುಮ್ಮನಾದೆ. ಕಾಲಿಗಷ್ಟೇ ಮರಗಟ್ಟಿಸುವ ಸೂಜಿ, ಕೂದಲಿಗಿಂತ ತುಸು ದಪ್ಪದ ಎಳೆ, ಒಂದಿಷ್ಟು ಬಿಸಿ. ಮುಗಿಯಿತು. ಮರುಗಂಟೆಯೇ ನಡೆಯಿರಿ ಎಂದರು. ತಿರುಪತಿ ಅಷ್ಟು ಬೇಗ ಮುಗಿಯುವುದಿಲ್ಲವಾದ್ದರಿಂದ ಕೆ.ಆರ್. ಪುರದ ನಾದಿನಿಯ ಮನೆಯಲ್ಲಿ ಅಡಗಿಕೊಂಡೆವು. ಅವರ ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುವಾಗೆಲ್ಲ ಕಪಾಟಿನ ಮೇಲಿದ್ದ ಹಳದಿ ಗಂಟು ನನ್ನನ್ನೇ ನೋಡುತ್ತಿತ್ತು.

ಅಲ್ಲಿನ ಬೇಕರಿಯ ಲಾಡು ಕಟ್ಟಿಸಿಕೊಂಡು ಮನೆಗೆ ಬಂದರೆ ಗೌರಮ್ಮ ಗೇಟಿನಲ್ಲೇ ಕಾದಿದ್ದರು. "ಸ್ವಾಮೀನ ನೋಡ್ಕೊಂಡು ಬಂದಿರೋ ಕಾಲು" ಎನ್ನುತ್ತ ಬಗ್ಗೇಬಿಟ್ಟರು. ನನ್ನ ತಾಯಿಯ ವಯಸ್ಸಿನವರು! ಹಿಂದೆ ಸರಿಯುವಷ್ಟರಲ್ಲಿ ಅವರ ಬೆರಳು ಪ್ಯಾಂಟಿನ ಕೆಳಗೆ ಡಾಕ್ಟರು ಹಾಕಿಸಿದ್ದ ಬಿಗಿ ಕಾಲುಚೀಲಕ್ಕೆ ತಗುಲಿತು. "ಇದೇನ್ ಮಾಸ್ಟ್ರೇ, ಪಟ್ಟಿ ಕಟ್ಟಿದೀರಾ?"

ಭೂಮಿ ಬಾಯಿಬಿಡಬಾರದೇ ಎನಿಸಿತು. ಗೇಟಿನಲ್ಲೇ ನಿಂತು ಎಲ್ಲವನ್ನೂ ಹೇಳಿ, ಗಂಟನ್ನು ಅವರ ಕೈಗಿಟ್ಟು, ತಪ್ಪಾಯಿತೆಂದೆ. ಅವರು ಗಂಟನ್ನೂ ನನ್ನ ಕಾಲನ್ನೂ ನೋಡಿದರು. ಆಮೇಲೆ ಸೀರೆಯ ಅಂಚನ್ನು ತುಸು ಎತ್ತಿದರು. ಅದೇ ನೀಲಿ, ಅದೇ ಗಂಟುಗಳು, ನನ್ನದಕ್ಕಿಂತ ಹೆಚ್ಚು.

"ನಾನು ಇದ್ಕೇ ಕಟ್ಟಿದ್ದು ಮುಡಿಪು" ಎಂದರು. "ತಿರುಪತೀಗ್ ಹೋಗದಿದ್ರೂ ಹೋಗ್ಬೇಕಾದ್ ಕಡೆ ಹೋಗ್ಬಂದೈತೆ ಬಿಡಿ. ನೋಯುತ್ತಾ?"

"ಸೂಜಿ ಚುಚ್ಚೋವಾಗ ಸ್ವಲ್ಪ" ಎಂದೆ.

ಅವರನ್ನು ನಾನೇ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದೂ, ಅವರ ಕಾಲು ವಾಸಿಯಾದ ಮೇಲೆ ಎಲ್ಲರೂ ನಿಜವಾಗಿಯೇ ಬೆಟ್ಟ ಹತ್ತಿ ಗಂಟನ್ನು ಒಪ್ಪಿಸುವುದೆಂದೂ ತೀರ್ಮಾನವಾಯಿತು. ಆಸ್ಪತ್ರೆಗೆ ಹೊರಟ ದಿನ ಬೆಳಿಗ್ಗೆ ಆಟೋ ಹತ್ತುವಾಗ ಎದುರುಮನೆಯಾಕೆ ಎಲ್ಲಿಗೆಂದು ಕೇಳಿದರು. ನನ್ನ ನಾಲಿಗೆಯ ತುದಿಗೆ ಒಂದು ದೇವಸ್ಥಾನದ ಹೆಸರು ಬಂದಿತ್ತು. ಗೌರಮ್ಮ ಅಷ್ಟರಲ್ಲಿ ಇಡೀ ಬೀದಿಗೆ ಕೇಳುವಂತೆ, "ಕಾಲ್ ನರ ಸುಡಿಸ್ಕೊಳ್ಳೋಕೆ ಕಣಮ್ಮ! ನಮ್ ಮಾಸ್ಟ್ರು ಮಾಡಿಸ್ಕೊಂಡ್ರಲ್ಲ, ಅಲ್ಲಿಗೇ!" ಎಂದರು.

ನಾನು ತಲೆ ತಗ್ಗಿಸಿದೆ. ಆಟೋ ಹೊರಟಿತು. ತಿರುಗಿ ನೋಡಿದರೆ, ನನ್ನ ನಾಚಿಕೆಯನ್ನು ವಿಚಾರಿಸಲು ಯಾರೂ ನಿಂತಿರಲಿಲ್ಲ. ಎದುರುಮನೆಯಾಕೆ ಮಾತ್ರ ಗೇಟು ಹಿಡಿದು, ಬಗ್ಗಿ, ತಮ್ಮ ಕಾಲನ್ನು ನೋಡಿಕೊಳ್ಳುತ್ತಿದ್ದರು.