ಪಿಸುಮಾತೂ ಬೇಡ

ಸಿಂದಗಿಯ ಕಾಲೇಜೊಂದರಲ್ಲಿ ಭಾಷಣದ ನಡುವೆ ನನ್ನ ದನಿ ನಿಂತುಹೋಯಿತು. "ನರ್ಸಿಂಗ್ ವಿದ್ಯಾರ್ಥಿಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ತರಬೇತಿ ಕೊಡಿ" ಎನ್ನುತ್ತಿದ್ದೆ. "ಕೊಡಿ" ಬರೀ ಗಾಳಿಯಾಗಿ ಬಂತು. ಮುಂದಿನ ಸಾಲಿನ ಹುಡುಗಿಯರು ನಕ್ಕರು. ನಾನೂ ನಕ್ಕೆ. ಅದಕ್ಕೂ ಸದ್ದಿರಲಿಲ್ಲ.

ನನ್ನ ಕೆಲಸವೇ ಮಾತು. ಡಿಬೇಟ್ ವೇದಿಕೆಯಿಂದ ನೇರ ಈ ಸಣ್ಣ ಸಂಸ್ಥೆಗೆ ಬಂದವಳು. ಇಂಡಿ, ಮುದ್ದೇಬಿಹಾಳ ಸುತ್ತುತ್ತ, ವೈದ್ಯಕೀಯ ಶಿಕ್ಷಣ ಮತ್ತು ಆಸ್ಪತ್ರೆಗಳ ನಿಯಮ ಬದಲಿಸಿ ಎಂದು ಅಧಿಕಾರಿಗಳೊಡನೆ ವಾದಿಸುವುದು ನನ್ನ ಪಾಲಿನದು. ಬಸವನ ಬಾಗೇವಾಡಿಯಲ್ಲಿ ಅಧಿಕಾರಿಗಳೊಡನೆ ಸಭೆ ಹತ್ತಿರವಿತ್ತು. ಹೊಸ ನಿಯಮಗಳ ನಮ್ಮ ಕರಡನ್ನು ಅಲ್ಲಿ ನಾನೇ ಮಂಡಿಸಬೇಕಿತ್ತು.

ಇಎನ್‌ಟಿ ಡಾಕ್ಟರು ಎಂಡೋಸ್ಕೋಪಿ ಮಾಡಿದರು. ದನಿ ಹೊರಡಿಸುವ ವೋಕಲ್ ಕಾರ್ಡ್ ಮೇಲೆ ಗಡ್ಡೆ. ಆಪರೇಷನ್ ಮಾಡಿ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು.

ಬಯಾಪ್ಸಿ.

ಆಪರೇಷನ್ ಆಯಿತು. ರಿಪೋರ್ಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಗಾಯ ಮಾಯುವವರೆಗೆ ಒಂದು ಮಾತೂ ಆಡಕೂಡದು. ಪಿಸುಗುಟ್ಟಬಹುದಲ್ಲ ಎಂದು ಡಾಕ್ಟರನ್ನು ಪಿಸುಗುಟ್ಟಿಯೇ ಕೇಳಿದೆ.

"ಪಿಸುಮಾತೂ ಬ್ಯಾಡ್ರಿ. ವಾದಾ ಮಾಡಿ ಮಾಡೇ ಇಲ್ಲಿಗಿ ಬಂದೀರಿ."

ಜೊತೆಗೆ ಬಂದಿದ್ದ ಅವ್ವ ಕೈಮುಗಿದಳು. "ಹುಟ್ಟಿದಾಗಿಂದ ಇಕೀನ್ನ ಸುಮ್ನ ಕುಂಡ್ರಿಸಿದಾವ್ರು ನೀವ ಮೊದಲಿನವ್ರು ನೋಡ್ರಿ ಸಾಹೇಬ್ರ."

ತಾಳಿಕೋಟೆಯ ಮನೆಯಲ್ಲಿ ಕೂತರೆ ಏಳುವುದು, ಎದ್ದರೆ ಕೂರುವುದು. ನೋಡಲು ಬಂದವರು ನನ್ನೊಡನೆ ಕೂಗಿ ಮಾತಾಡುತ್ತಿದ್ದರು. ಪಕ್ಕದ ಮನೆಯ ಕಾಕು ಅಂಗೈ ಬಾಯಿಗೆ ಒಯ್ದು "ಊಟಾ? ಊಟಾ?" ಎಂದಳು.

"ದನಿ ಹೋಗೇತಿ ಕಾಕು, ಕಿವಿ ಹೋಗಿಲ್ಲ!" ಅವ್ವನೂ ಕೂಗಿದಳು.

ಮರುತಪಾಸಣೆಗೆ ಹೋದಾಗ ನರ್ಸ್ ಅವ್ವನತ್ತ ತಿರುಗಿದಳು. "ಪೇಶೆಂಟಿಗೆ ನೋವೈತೇನ್ರಿ?"

"ಇಲ್ಲವಾ, ಆರಾಮ ಅದಾಳ."

ನೋವಿತ್ತು. ನಾನು ಎದುರಿಗೇ ಕೂತಿದ್ದೆ.

ಮೇಜು ಗುದ್ದಿದೆ. ಇಬ್ಬರೂ ಬೆಚ್ಚಿದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದೇ ಯೋಚನೆ: ನಮ್ಮ ಕರಡಿನಲ್ಲಿ ರೋಗಿಗಾಗಿ ಸಹಾಯವಾಣಿ ಇದೆ, ದೂರು ಹೇಳುವ ಕೌಂಟರ್ ಇದೆ, ನಾನೇ ಜಗಳಾಡಿ ಸೇರಿಸಿದ್ದು. ಮಾತು ಬಾರದವರು ಕರೆ ಮಾಡಿ ಏನು ಹೇಳಬೇಕು? ಅವರ ನೋವನ್ನು ಜೊತೆಗೆ ಬಂದವರೇ "ಇಲ್ಲ" ಎಂದುಬಿಟ್ಟರೆ? ಅಂದೇ ತಿದ್ದಲು ಕೂತೆ.

ಸಭೆಯ ಹೊತ್ತಿಗೆ ದನಿ ಬಂತು, ಒರಟಾಗಿ, ಬೇರೆ ಯಾರದೋ ಎಂಬಂತೆ. ಕೆಲವೇ ನಿಮಿಷ ಮಾತಾಡಲು ಡಾಕ್ಟರ ಅನುಮತಿಯಿತ್ತು. ಉಳಿದದ್ದನ್ನು ಓದಿಕೊಳ್ಳಿ ಎಂದು ಬಿಟ್ಟು, ಒಂದನ್ನೇ ಹೇಳಿದೆ: ಮೊದಲು ರೋಗಿಯನ್ನೇ ಕೇಳಿ. ಬಾಯಿ ಬಾರದಿದ್ದರೆ ಕೈಯಲ್ಲಿ, ಕಣ್ಣಲ್ಲಿ, ಬರೆದು. ಇದನ್ನು ತರಬೇತಿಯಲ್ಲೇ ಕಲಿಸಿ.

ಅಧಿಕಾರಿ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಇನ್ನೂ ಗೊತ್ತಿಲ್ಲ. ಕಾಯಿಲೆ ನನಗೆ ಪಾಠ ಕಲಿಸಿತು ಎಂದೂ ನಾನು ಹೇಳಲಾರೆ. ಇಷ್ಟು ತಿಳಿಯಲು ಗಂಟಲು ಕೊಯ್ಸಿಕೊಳ್ಳಬೇಕಿರಲಿಲ್ಲ. ದನಿ ಮರಳಿತಲ್ಲ, ಡಾಕ್ಟರ ಆ ಋಣ ಮಾತ್ರ ಒಪ್ಪುತ್ತೇನೆ.

ಚಹಾದ ಹೊತ್ತಿಗೆ ಅದೇ ಅಧಿಕಾರಿ ನನ್ನನ್ನು ದಾಟಿ, ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತಿದ್ದ ಅವ್ವನ ಬಳಿ ಹೋದರು.

"ಮೇಡಮ್ಮಾರ ಗಂಟಲಾ ಈಗ ಹೆಂಗೈತ್ರಿ?"

ಅವ್ವ ಬಾಯಿ ತೆರೆದಳು. ಮುಚ್ಚಿದಳು. ನನ್ನತ್ತ ನೋಡಿದಳು.

"ಅಕೀನ್ನ ಕೇಳ್ರಿ."