ಇಸ್ತ್ರಿ ಅಕ್ಕ ಕೇಳಿದ ಕತೆ

ಮರಾಠಿ ನಾಡಿನ ಧನಕವಡಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಪಕ್ಕ ಇಸ್ತ್ರಿ ಮಾಡುತ್ತಿದ್ದ ಅಕ್ಕ ಕಲಬುರಗಿ ಕಡೆಯವರು. ಮೇಜಿನ ಮೇಲೆ ಇಡೀ ದಿನ ರೇಡಿಯೊ ಹಚ್ಚಿರುತ್ತಿದ್ದರು. ಕೇಳಿದರೆ, "ಕೈಗೆ ಕೆಲಸ ಅದ, ಕಿವಿ ಖಾಲಿ ಅದಾವಲ್ರಿ" ಎನ್ನುತ್ತಿದ್ದರು. ಅವರ ಬೆನ್ನ ಹಿಂದಿನ ಮೊಳೆಯಲ್ಲಿ ಒಂದು ಸಣ್ಣ ಹಳದಿ ಫ್ರಾಕ್ ತೂಗುತ್ತಿತ್ತು. ಜ್ವರದಲ್ಲಿ ತೀರಿಕೊಂಡ ಮಗಳದು.

ಆ ವರ್ಷ ಮಕ್ಕಳ ಹಳೆಯ ಕಾದಂಬರಿಯೊಂದು ರೇಡಿಯೊದಲ್ಲಿ ಮರಾಠಿ ನಾಟಕವಾಗಿ ವಾರವಾರ ಬರುತ್ತಿತ್ತು. ಹಕ್ಕಿಗಳ ನಾಡಿಗೆ ಹಾರಿಹೋದ ಹುಡುಗಿಯ ಕತೆ. ಪ್ರತಿ ಕಂತಿನ ಕೊನೆಗೆ ಮನೆಯಲ್ಲುಳಿದ ತಾಯಿ ಅಂಗಳಕ್ಕೆ ಬಂದು ಮಗಳನ್ನು ಕೂಗುತ್ತಿದ್ದಳು. ಪುಸ್ತಕದಲ್ಲಿ ಇದು ಇಲ್ಲವೇ ಇಲ್ಲ, ಸುಮ್ಮನೆ ಎಳೆದಿದ್ದಾರೆ ಎಂದು ನನಗೆ ಸಿಟ್ಟು. ಅಕ್ಕನ ಕೈ ಮಾತ್ರ ಆ ಕೂಗಿಗೆ ನಿಂತುಬಿಡುತ್ತಿತ್ತು.

ಅದೇ ಕಾದಂಬರಿಯ ಸಿನಿಮಾ ಮೊಬೈಲಿನಲ್ಲಿ ಸಿಕ್ಕಾಗ, ಇದು ಎಷ್ಟೋ ಮೇಲು ಎಂದು ಹುರುಪಿನಿಂದ ಅವರ ಮುಂದೆ ಹಿಡಿದೆ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಬಹಳ ಹೊತ್ತು ನೋಡಿದರು.

"ಹಕ್ಕಿ ಭಾಳ ಛಂದ ಅದಾವ್ರಿ. ಅವ್ವ ಎಲ್ಲಿ?"

"ಕಡೀಗೆ, ಮಗಳು ತಿರುಗಿ ಬಂದಾಗ ಬರ್ತಾಳ್ರಿ ಅಕ್ಕಾ."

ಅವರು ಪರದೆಯಿಂದ ಕಣ್ಣು ತೆಗೆದರು. "ಹಂಗಾರ ಹುಡುಗಿ ಹ್ವಾದ ಮ್ಯಾಲೆ ಮನಿಯಾಗ ಏನೂ ಆಗಂಗಿಲ್ಲೇನ್ರಿ?"

ನಾನು ಮೊಬೈಲನ್ನು ಜೇಬಿಗೆ ಹಾಕಿಕೊಂಡೆ. ಅಕ್ಕ ಮೊಳೆಯಿಂದ ಫ್ರಾಕ್ ಇಳಿಸಿ, ಮೇಜಿನ ಮೇಲೆ ಹಾಸಿ, ನೀರು ಚಿಮುಕಿಸಿದರು. ಅದರಲ್ಲಿ ಒಂದು ಸುಕ್ಕೂ ಇರಲಿಲ್ಲ.