ಅಪ್ಪನಿಗೆ ರೋಮ್ ತೋರಿಸಲು ಹೋದ ಶನಿವಾರ

ಹಟ ನನ್ನದೇ, ಯಾರನ್ನೂ ದೂರುವ ಹಾಗಿಲ್ಲ. ಸ್ಟಾಫರ್ಡ್‌ನಲ್ಲಿರುವ ಗೆಳತಿ ಫೋನಿನಲ್ಲಿ ಬಾಯಿ ತುಂಬ ಹೊಗಳಿದ್ದಳು. "ಒಕ್ಲಹೋಮ ಬಾರ್ಡರ್ ದಾಟಿದ ಕೂಡ್ಲೇ ಒಂದು ಕ್ಯಾಸಿನೊ ರೆಸಾರ್ಟ್ ಇದೆ ಕಣೇ. ಒಳಗಡೆ ರೋಮ್, ಪ್ಯಾರಿಸ್, ಲಂಡನ್ ಎಲ್ಲಾ ಕಟ್ಟಿಟ್ಟಿದ್ದಾರೆ. ಅಂಕಲ್‌ನ ಕರ್ಕೊಂಡ್ಹೋಗು. ನೀವೇನೂ ಆಡೋದು ಬೇಡ, ರೂಮು ಚೆನ್ನಾಗಿದೆ, ಊಟ ಚೆನ್ನಾಗಿದೆ."

ಅಪ್ಪ ಮೈಸೂರಿನಲ್ಲಿ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಬದುಕಿಡೀ ಮಕ್ಕಳಿಗೆ ರೋಮಿನ ಕಥೆ ಹೇಳಿದ್ದೇ ಬಂತು, ರೋಮ್ ನೋಡಿದವರಲ್ಲ. ಅಮ್ಮ ತಂಗಿಯ ಬಾಣಂತನಕ್ಕೆಂದು ಅಲ್ಲೇ ಉಳಿದದ್ದರಿಂದ ಒಬ್ಬರೇ ನಮ್ಮ ಲೂಯಿಸ್‌ವಿಲ್ ಮನೆಗೆ ಬಂದಿದ್ದರು. ಅಸಲಿ ರೋಮ್ ಇಲ್ಲದಿದ್ದರೆ ನಕಲಿಯಾದರೂ ಆಗಲಿ ಅಂದುಕೊಂಡೆ.

ನನ್ನ ಗಂಡ ಒಪ್ಪಲೇ ಇಲ್ಲ. "ಅಲ್ಲೆಲ್ಲ ಬರೀ ಸಿಗರೇಟು ಹೊಗೆ. ಮಾವನಿಗೆ ಕೆಮ್ಮು ಬರತ್ತೆ."

ನನಗೆ ರೇಗಿತು. "ರೀ, ಪ್ರತಿ ಶನಿವಾರ ಆಸ್ಟಿನ್ ಆಫೀಸು ಅಂತ ಓಡ್ತೀರಿ. ಈ ಒಂದು ಶನಿವಾರ ನಮ್ಮಪ್ಪನಿಗೆ ಕೊಡೋಕಾಗಲ್ವಾ?" ಅವರು ಕಾರು ತೆಗೆದರು. ಗೆದ್ದೆ ಎಂದು ಬೀಗಿದೆ, ಮಂಕುದಿಣ್ಣೆ.

ಅವರ ಕಂಪನಿಯ ಇನ್ನೊಂದು ಆಫೀಸು ಆಸ್ಟಿನ್‌ನ ಡೊಮೇನ್ ಬಡಾವಣೆಯಲ್ಲಿದೆ. ಸಾಫ್ಟ್‌ವೇರ್ ರಿಲೀಸು ವಾರದ ಕೊನೆಗೇ ಮಾಡುತ್ತಾರೆಂದು ಶನಿವಾರ ಬೆಳಗ್ಗೆ ಹೊರಟರೆ ಮರುದಿನವೇ ಬರುವುದು. ದಾರಿಗೆ ನಾನೇ ಪುಳಿಯೋಗರೆ ಕಟ್ಟಿಕೊಡುತ್ತಿದ್ದೆ. ಯಾಕೆಂದರೆ ಅವರು ಆಂಜನೇಯನ ಭಕ್ತರು, ಲೋಕ ಮುಳುಗಿದರೂ ಶನಿವಾರ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವವರಲ್ಲ. ಅಪ್ಪನಿಗೆ ಅಳಿಯನ ಮೇಲೆ ಅಷ್ಟು ಅಭಿಮಾನ ಇದ್ದದ್ದೇ ಈ ನಿಷ್ಠೆಗಾಗಿ.

ಹೋಟೆಲಿನೊಳಗೆ ಹೋದರೆ ತಲೆಯ ಮೇಲೆ ಬಣ್ಣ ಬಳಿದ ನೀಲಿ ಆಕಾಶ, ಬಿಳಿ ಮೋಡ, ಸಾಲಾಗಿ ಕಂಬಗಳು. ಅಪ್ಪ ಒಂದೊಂದು ಪ್ರತಿಮೆಯ ಪಕ್ಕದಲ್ಲೂ ನೆಟ್ಟಗೆ ನಿಂತು ಫೋಟೊ ತೆಗೆಸಿಕೊಂಡರು. "ಈ ಚಕ್ರವರ್ತಿಗೆ ಮೂಗು ಸ್ವಲ್ಪ ಹೆಚ್ಚಾಯ್ತು ಕಣಮ್ಮ" ಎಂದು ನಕ್ಕರು. ನನ್ನ ಗಂಡ ಮಾತ್ರ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಮ್ಮಿಂದ ಹಿಂದೆ ಹಿಂದೆ ಬರುತ್ತಿದ್ದರು. "ಒಳಗೂ ಟೋಪಿ ಯಾಕ್ರೀ, ಈ ಬಿಸಿಲು ಪೇಂಟ್‌ದು!" ಎಂದು ಛೇಡಿಸಿದೆ. ತಲೆನೋವು ಎಂದರು.

ಸಂಜೆ ಊಟಕ್ಕೆ ಕೂತೆವು. ಬಡಿಸುವ ಹೆಂಗಸು, ವಯಸ್ಸಾದವಳು, ದೂರದಿಂದಲೇ ಮುಖ ಅರಳಿಸಿಕೊಂಡು ನನ್ನ ಗಂಡನ ಹತ್ತಿರ ಬಂದಳು. "ಓಹೋ, ಕೊನೆಗೂ ಮನೆಯವರನ್ನು ಕರ್ಕೊಂಡು ಬಂದ್ರಾ!" ಎಂದು ಇಂಗ್ಲಿಷಿನಲ್ಲಿ ಅಂದಳು. ಆಮೇಲೆ, "ಇವತ್ತು ಶನಿವಾರ ಅಲ್ವಾ, ಈರುಳ್ಳಿ ಬೆಳ್ಳುಳ್ಳಿ ಹಾಕ್ಬೇಡಿ ಅಂತ ಆಗಲೇ ಕಿಚನ್‌ಗೆ ಹೇಳ್ಬಿಟ್ಟೆ. ಕಾರ್ಡ್ಸ್ ಟೇಬಲ್ಲಿನವರು ನಿಮ್ಮನ್ನೇ ಕೇಳ್ತಿದ್ರು" ಎಂದು ಅವರ ಭುಜ ತಟ್ಟಿ ಹೋದಳು.

ಅಯ್ಯೋ ನನ್ನ ಕರ್ಮವೇ! ಜೂಜಿಗೂ ಮಡಿ! ಇಸ್ಪೀಟು ಬಿಡಲಿಲ್ಲ, ವ್ರತವನ್ನೂ ಬಿಡಲಿಲ್ಲ. ಹೆಂಡತಿಗೆ ಗೊತ್ತಾಗದ್ದನ್ನು ಆಂಜನೇಯ ಹಿಡಿದುಕೊಟ್ಟ. ನಮ್ಮ ಮನೆಯಿಂದ ಆಸ್ಟಿನ್ ಇರುವುದು ದಕ್ಷಿಣಕ್ಕೆ. ನನ್ನ ಪುಳಿಯೋಗರೆ ಡಬ್ಬಿ ಪ್ರತಿ ವಾರ ಉತ್ತರಕ್ಕೆ ಬರುತ್ತಿತ್ತು.

ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ, ಮೈಯೆಲ್ಲ ಹಿಡಿಯಾಗುವಂಥ ನಾಚಿಕೆ. ಎದುರಿಗೆ ಅಪ್ಪ ಕೂತಿದ್ದರು. ಅಳಿಯ ಬಂಗಾರ ಎಂದು ನೆಂಟರಿಷ್ಟರಲ್ಲೆಲ್ಲ ಹೇಳಿಕೊಂಡು ತಿರುಗಿದವರು. ಅವರು ಬಾಯಿ ತೆರೆಯುವ ಮೊದಲೇ ನಾನು ಗಡಿಬಿಡಿಯಲ್ಲಿ ಅಂದೆ: "ಇವರ ಆಫೀಸ್ ಪಾರ್ಟಿ ಎಲ್ಲಾ ಇಲ್ಲೇ ಮಾಡ್ತಾರಪ್ಪ. ಅದಕ್ಕೇ ಅವಳಿಗೆ ಗುರ್ತು."

"ಹೌದಾ" ಎಂದು ಅಪ್ಪ ನೀರು ಕುಡಿದರು. ನನ್ನ ಗಂಡ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಅಷ್ಟರಲ್ಲಿ ಅಮ್ಮನ ವಿಡಿಯೊ ಕಾಲ್ ಬಂತು. ಅಪ್ಪ ಫೋನನ್ನು ಮೇಲೆತ್ತಿ ಆಕಾಶ, ಕಂಬ ಎಲ್ಲ ತೋರಿಸಿದರು. ಅಮ್ಮನ ಕಣ್ಣು ಬಿದ್ದದ್ದು ಬೇರೆ ಕಡೆ. "ಅದ್ಯಾಕ್ರೀ, ಅಳಿಯಂದ್ರು ಹಂಗೆ ತಲೆ ತಗ್ಗಿಸ್ಕೊಂಡು ಕೂತಿದಾರೆ?"

ಅಪ್ಪ ಫೋನನ್ನು ತಮ್ಮ ಮುಖದ ಕಡೆ ತಿರುಗಿಸಿಕೊಂಡರು. "ಸುಸ್ತು ಕಣೇ. ಕೆಲಸ ಜಾಸ್ತಿ. ಅವರ ಆಫೀಸ್ ಪಾರ್ಟಿ ಎಲ್ಲಾ ಇಲ್ಲೇ ಆಗೋದಂತೆ, ಎಲ್ಲರಿಗೂ ಗುರ್ತು. ಏನ್ ಮರ್ಯಾದೆ ಕೊಡ್ತಾರೆ ಗೊತ್ತಾ ನಮ್ಮ ಅಳಿಯಂದ್ರಿಗೆ!"

ಚಿಕ್ಕಂದಿನಲ್ಲಿ ಒಂದು ಸುಳ್ಳಿಗಾಗಿ ಸ್ವಂತ ಮಗಳನ್ನು ಇಡೀ ಕ್ಲಾಸಿನ ಎದುರು ನಿಲ್ಲಿಸಿದ್ದ ಮೇಷ್ಟ್ರು ಅವರು. ಅಮ್ಮ ಸಂತೋಷದಿಂದ ಫೋನಿಟ್ಟಳು. ಅಪ್ಪ ನನ್ನ ಕಡೆ ನೋಡದೆ, ಮೆಲ್ಲಗೆ ಕೇಳಿದರು:

"ಸರಿಯಾಗಿ ಹೇಳಿದ್ನೇನಮ್ಮ?"